ಮಗನ ಗೆಳೆಯ ಮನೆಗೆ ಬಂದಾಗ

ಕಳಸದ ಪೇಟೆಯಿಂದ ಎರಡು ಮೈಲಿ ಒಳಗಿರುವ ಆ ತೋಟದ ಮನೆಗೆ 2023ರ ಜನವರಿ ಮೊದಲ ವಾರ ಜರ್ಮನಿಯಿಂದ ಒಂದು ಸುದ್ದಿ ಬಂತು. ಡ್ರೆಸ್ಡೆನ್ ನಗರದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಮಗ ಫೋನಿನಲ್ಲಿ ಹೇಳಿದ: "ನನ್ನ ಪಕ್ಕದ ರೂಮಿನ ಹುಡುಗ ಇಂಡಿಯಾ ನೋಡಲಿಕ್ಕೆ ಹೊರಟಿದ್ದಾನೆ. ಹಂಪಿ, ಮೈಸೂರು ಮುಗಿಸಿ ನಮ್ಮನೆಗೂ ಬರ್ತಾನಂತೆ. ಎರಡು ದಿನ ಇರ್ತಾನೆ."

"ಅವನ ಜೊತೆ ನೀನು?" ಎಂದರು ಅಮ್ಮ.

"ನನಗೆ ಪರೀಕ್ಷೆ ಇದೆಯಲ್ಲ ಅಮ್ಮ."

ಮಗ ವಿಮಾನ ಹತ್ತಿ ಒಂದೂಕಾಲು ವರ್ಷವಾಗಿತ್ತು. ಈ ನಡುವೆ ಅವನ ಅಕ್ಕನ ಮದುವೆಯೂ ಆಗಿಹೋಗಿತ್ತು. ಬರಬೇಕಾದವನು ಬರದೆ ಅವನ ಗೆಳೆಯ ಬರುತ್ತಾನೆಂದರೆ ಸಂತೋಷಪಡಬೇಕೋ ಬೇಸರಪಡಬೇಕೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ತಿಳಿಯುವಷ್ಟು ಪುರುಸೊತ್ತೂ ಇರಲಿಲ್ಲ. ಬಚ್ಚಲಿಗೆ ಹೊಸ ಬಲ್ಬು ಬಂತು. ಜಗಲಿಯ ಗೋಡೆಗೆ ಸುಣ್ಣ ಬಂತು. ಬಿಳಿಯರು ಬ್ರೆಡ್ಡಿಲ್ಲದೆ ಬದುಕುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಪೇಟೆಯಿಂದ ಬ್ರೆಡ್ಡು, ಜಾಮು ಬಂದವು. ಇದನ್ನೆಲ್ಲ ನೋಡುತ್ತ ಕುಳಿತಿದ್ದ ಅಜ್ಜಿ, "ಬರುವವನೂ ಹಸಿವಾದಾಗ ಉಣ್ಣುವ ಮನುಷ್ಯನೇ ತಾನೇ? ರೊಟ್ಟಿ ತಟ್ಟಿ ಹಾಕಿ, ತಿಂತಾನೆ" ಎಂದು ಹೇಳಿ ಕವಳ ಹಾಕಿಕೊಂಡರು.

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದ ಹುಡುಗ ಬೆಳಗಿನ ಜಾವ ಕೊಟ್ಟಿಗೆಹಾರದ ಮಂಜಿನಲ್ಲಿ ಚಹಾ ಕುಡಿದು, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಬಿಸಿಲು ಬೀಳುವ ಹೊತ್ತಿಗೆ ಕಳಸದಲ್ಲಿ ಇಳಿದ. ಆರಡಿಗೂ ಮೇಲಿದ್ದ. ಮನೆಯೊಳಗೆ ಕಾಲಿಡುವಾಗ ಬಾಗಿಲಿನ ಮೇಲಿನ ಅಡ್ಡಪಟ್ಟಿ ಅವನ ಹಣೆಗೆ ಬಡಿಯಿತು. ಅಮ್ಮ ಗಾಬರಿಯಾದರು. ಅಜ್ಜಿ ಮಾತ್ರ, "ಈ ಮನೆಗೆ ತಲೆ ತಗ್ಗಿಸಿಯೇ ಬರಬೇಕು ಅಂತ ನಮ್ಮನೆಯವನು ಹೇಳಿ ಕಳಿಸಲಿಲ್ಲವೇನೋ?" ಎಂದು ನಕ್ಕರು. ದ್ವಿತೀಯ ಪಿಯುಸಿ ಓದುತ್ತಿದ್ದ ಕಿರಿಯ ಮಗಳು ಇದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಕ್ಷಣದಿಂದ ಆ ಮನೆಯ ದುಭಾಷಿಯ ಕೆಲಸ ಅವಳ ಪಾಲಿಗೆ ಬಂತು. ಅದು ಎಷ್ಟು ಭಾರದ ಕೆಲಸವೆಂಬುದು ಆಗ ಅವಳಿಗೆ ಗೊತ್ತಿರಲಿಲ್ಲ.

ನೀರು ಬೆಲ್ಲ ಕೊಟ್ಟರು. ನೀರಿಗೆ ಮುಂಚೆ ಬೆಲ್ಲದ ಅಚ್ಚನ್ನು ಪೂರ್ತಿ ತಿಂದು ಮುಗಿಸಿದ ಹುಡುಗ ಸುತ್ತ ನೋಡತೊಡಗಿದ. ನಿಂತುಹೋದ ಗಡಿಯಾರವನ್ನು ಕಂಡು, "ಇದನ್ನು ಬಿಚ್ಚಿ ಹಾಳು ಮಾಡಿದವನು ಅವನೇ ಅಲ್ಲವಾ?" ಎಂದ. ಜಗಲಿಯ ಮೂರನೆಯ ಮೆಟ್ಟಿಲು ತೋರಿಸಿ, "ಇಲ್ಲಿ ಬಿದ್ದು ಹಲ್ಲು ಮುರಿದುಕೊಂಡಿದ್ದ" ಎಂದ. ಅಂಗಳದ ನಾಯಿಯನ್ನು ಹೆಸರು ಹಿಡಿದು ಕರೆದ. ಅಮ್ಮ ಸೆರಗಿನ ತುದಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಮಗ ಮನೆಯನ್ನು ಮರೆತಿದ್ದಾನೋ ಎಂದು ಒಳಗೊಳಗೇ ಕೊರಗುತ್ತಿದ್ದ ಅವರಿಗೆ ಅಪರಿಚಿತನೊಬ್ಬ ಬಂದು ಉತ್ತರ ಕೊಟ್ಟಿದ್ದ. ಬ್ರೆಡ್ಡು ಜಾಮಿನ ಮಾತು ಮತ್ತೆ ಬರಲಿಲ್ಲ.

ಜನವರಿ ಎಂದರೆ ಕಳಸದ ಕಡೆ ಬಿಡುವಿಲ್ಲದ ಕಾಲ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಹಣ್ಣಾಗುತ್ತಿರುತ್ತದೆ. ಕಣದಲ್ಲಿ ಹರಡಿದ ಕಾಫಿಯನ್ನು ಮತ್ತೆ ಮತ್ತೆ ಕೈಯಾಡಿಸುತ್ತಿರಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಅತಿಥಿ ತಾನೇ ಕಣಕ್ಕಿಳಿದ. ಜೀವಮಾನವಿಡೀ ಕಾಫಿ ಕುಡಿದಿದ್ದರೂ ಅದು ಕೆಂಪು ಹಣ್ಣಿನೊಳಗೆ ಎರಡು ಬೀಜವಾಗಿ ಕೂತಿರುತ್ತದೆಂದು ಅವನು ಕಣ್ಣಾರೆ ಕಂಡದ್ದು ಅಂದೇ. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದನೆಂಬ ಕತೆಯನ್ನು ಯಜಮಾನರು ತಮ್ಮದೇ ಇಂಗ್ಲಿಷಿನಲ್ಲಿ ಹೇಳಿದರು.

ಪ್ರತಿಯಾಗಿ ಹುಡುಗನೂ ತನ್ನ ಅಜ್ಜಿಯ ಕತೆ ಹೇಳಿದ. 1990ರಲ್ಲಿ ಎರಡು ಜರ್ಮನಿಗಳು ಒಂದಾಗುವವರೆಗೆ ಡ್ರೆಸ್ಡೆನ್ ಇದ್ದದ್ದು ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಯಲ್ಲಿ. 1975ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳು ಹಿಮಕ್ಕೆ ಸುಟ್ಟು ಲೋಕದಲ್ಲೆಲ್ಲ ಕಾಫಿ ಬೆಲೆ ಏರಿತು. ಕೊಳ್ಳಲು ವಿದೇಶಿ ಹಣವಿಲ್ಲದ ಪೂರ್ವ ಜರ್ಮನಿ 1977ರಲ್ಲಿ ಅರ್ಧದಷ್ಟು ಮಾತ್ರ ಕಾಫಿಯಿದ್ದು, ಉಳಿದರ್ಧ ಚಿಕೋರಿ, ಧಾನ್ಯ ಮುಂತಾದವನ್ನು ಬೆರೆಸಿದ ಪುಡಿಯನ್ನು ಅಂಗಡಿಗೆ ಬಿಟ್ಟಿತು. ಜನ ರೇಗಿದರು. ಗಡಿಯಾಚೆಯ ಪಶ್ಚಿಮ ಜರ್ಮನಿಯ ನೆಂಟರು ಅಂಚೆಯಲ್ಲಿ ಕಳಿಸುವ ಕಾಫಿ ಪೊಟ್ಟಣಕ್ಕಾಗಿ ಮನೆಮಂದಿ ಕಾದು ಕೂರುತ್ತಿದ್ದರಂತೆ. 1980ರಲ್ಲಿ ಆ ಸರ್ಕಾರ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿ ಕಾಫಿ ತೋಟ ಎಬ್ಬಿಸಲು ನೆರವಾಯಿತು. ತೋಟಗಳು ಚೆನ್ನಾಗಿ ಫಸಲು ಕೊಡುವ ಹೊತ್ತಿಗೆ ಪೂರ್ವ ಜರ್ಮನಿಯೇ ಉಳಿಯಲಿಲ್ಲ. ವಿಯೆಟ್ನಾಂ ಮಾತ್ರ ರೊಬಸ್ಟಾ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿನದಾಯಿತು.

"ಹಾಗಾದರೆ ನಮ್ಮ ರೊಬಸ್ಟಾ ರೇಟು ಇಳಿಸಿದ್ದರಲ್ಲಿ ನಿಮ್ಮಜ್ಜಿಯ ಸರ್ಕಾರದ ಪಾಲೂ ಇದೆ ಅನ್ನು" ಎಂದು ಯಜಮಾನರು ನಕ್ಕರು.

ಅಜ್ಜಿಗೆ ಹಿಡಿಸಿದ್ದು ಪೊಟ್ಟಣದ ಮಾತು. "ಒಳ್ಳೆಯದನ್ನು ದೂರ ಇರುವವರಿಗೆ ಕಳಿಸೋದು, ಕಳಪೆಯದನ್ನು ಮನೆಯಲ್ಲೇ ಇಟ್ಟುಕೊಳ್ಳೋದು. ಎಲ್ಲ ಕಡೆಯೂ ಹಂಗೇ" ಎಂದರು. ಅವರು ಹೇಳಿದ್ದು ಕಾಫಿಯ ವಿಚಾರ. ಒಳ್ಳೆಯ ಬೀಜವನ್ನೆಲ್ಲ ಮಾರಿ, ಒಡಕು ಬೀಜದ ಪುಡಿಯನ್ನು ತಾವು ಕುಡಿಯುವ ಮನೆ ಅದು. ಆದರೆ ಆ ಮಾತು ಬೇರೊಂದಕ್ಕೂ ಸಲ್ಲುತ್ತದೆಂದು ಅಂದು ರಾತ್ರಿಯ ಊಟದ ಹೊತ್ತಿಗೇ ಗೊತ್ತಾಯಿತು.

ಅಕ್ಕಿರೊಟ್ಟಿಗೆ ತುಪ್ಪ ಹಾಕುತ್ತ ಅಮ್ಮ ಮಗಳಿಗೆ ಹೇಳಿದರು: "ನಮ್ಮವನ ಓದು ಹೇಗಿದೆ ಕೇಳು. ಹೋದ ವರ್ಷ ಒಂದು ವಿಷಯದಲ್ಲಿ ಐದು ತೆಗೆದನಂತೆ. ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದೀನಿ."

ಮಗಳು ತಿರುಗಿಸಿ ಹೇಳಿದಳು. ಹುಡುಗನ ಗಂಟಲಲ್ಲಿ ರೊಟ್ಟಿ ನಿಂತಿತು. "ಐದಾ?" ಎಂದ. "ಹೌದು, ಐದು." ಅವನು ಒಂದು ಲೋಟ ನೀರು ಕುಡಿದು, "ಅವನು ತುಂಬಾ ಕಷ್ಟಪಟ್ಟು ಓದುತ್ತಾನೆ" ಎಂದಷ್ಟೇ ಹೇಳಿದ. ಅಮ್ಮನಿಗೆ ಅಷ್ಟು ಸಾಕಾಯಿತು. ಮಗಳಿಗೆ ಸಾಕಾಗಲಿಲ್ಲ.

ಮರುದಿನ ಸಂಜೆ ಎಲ್ಲರೂ ಕಳಸೇಶ್ವರನ ಗುಡಿಗೆ ಹೋದರು. ಅಪ್ಪ ಅಮ್ಮ ಮುಂದೆ ಹತ್ತುತ್ತಿದ್ದರು. ಹಿಂದೆ ಉಳಿದ ಅತಿಥಿಗೆ ಮಗಳು ಸ್ಥಳಪುರಾಣ ಹೇಳಿದಳು. ಕೈಲಾಸದಲ್ಲಿ ಶಿವ ಪಾರ್ವತಿಯರ ಮದುವೆ. ನೋಡಲು ಲೋಕವೆಲ್ಲ ಅಲ್ಲಿ ನೆರೆದಾಗ ಭೂಮಿ ಒಂದು ಕಡೆಗೆ ವಾಲಿತು. ತೂಕ ಸರಿಪಡಿಸಲು ಶಿವ ಅಗಸ್ತ್ಯ ಮುನಿಯನ್ನು ದಕ್ಷಿಣಕ್ಕೆ ಕಳಿಸಿದ. ಮದುವೆ ತಪ್ಪಿಹೋಗುವುದಲ್ಲಾ ಎಂದು ಮುನಿ ನೊಂದುಕೊಂಡಾಗ, ಕಳಸದಲ್ಲಿ ನಿಂತೇ ದಿವ್ಯದೃಷ್ಟಿಯಿಂದ ನೋಡುವಂತೆ ಅನುಗ್ರಹಿಸಿದ. ಗಿರಿಜಾ ಕಲ್ಯಾಣ ಇಂದಿಗೂ ಇಲ್ಲಿಯ ದೊಡ್ಡ ಉತ್ಸವ.

"ನಿಮ್ಮ ಅಕ್ಕನ ಮದುವೆಯನ್ನು ಅವನು ನೋಡಿದ್ದೂ ಹೀಗೇ" ಎಂದ ಹುಡುಗ. "ನಾನು ಜೊತೆಗಿದ್ದೆ. ಟ್ರಾಂ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ನೋಡಿದೆವು. ನಡುನಡುವೆ ಚಿತ್ರ ನಿಂತುಹೋಗುತ್ತಿತ್ತು."

"ಟ್ರಾಂ ನಿಲ್ದಾಣದಲ್ಲಾ? ರೂಮಿನಲ್ಲಿ ಕೂತು ನೋಡಿದೆ ಅಂದಿದ್ದನಲ್ಲ?"

ಹುಡುಗ ನಾಲಿಗೆ ಕಚ್ಚಿಕೊಂಡ. ಕಳಸದಲ್ಲಿ ಹತ್ತೂವರೆಯ ಮುಹೂರ್ತವೆಂದರೆ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಬೆಳಗಿನ ಏಳು ಗಂಟೆ. ಅದು ಪಾರ್ಸೆಲ್ ಗೋದಾಮಿನ ರಾತ್ರಿ ಪಾಳಿ ಮುಗಿಸಿ ಇಬ್ಬರೂ ಹಿಂತಿರುಗುವ ಹೊತ್ತು. ಅಂದು ಮಗ ದಪ್ಪ ಕೋಟು ತೊಟ್ಟಿದ್ದು ಅವಳಿಗೆ ನೆನಪಿತ್ತು. ಮನೆಯೊಳಗೂ ಕೋಟೇಕೆ ಎಂದು ಅಜ್ಜಿ ಕೇಳಿದ್ದಕ್ಕೆ, ಇಲ್ಲಿ ಚಳಿ ಎಂದಿದ್ದ. ಈಗ ಅವಳು ಬಿಡಲಿಲ್ಲ. "ಐದು ಅಂದರೆ ಏನು?" ಎಂದು ಕೇಳಿದಳು. ಜರ್ಮನಿಯಲ್ಲಿ ಅಂಕ ಕೊಡುವ ಕ್ರಮ ನಮ್ಮದಕ್ಕೆ ತಿರುಗುಮುರುಗು. ಒಂದು ಎಂದರೆ ಅತ್ಯುತ್ತಮ, ನಾಲ್ಕು ಎಂದರೆ ಕಷ್ಟದಲ್ಲಿ ಪಾಸು, ಐದು ಎಂದರೆ ನಪಾಸು. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರು ಅವಕಾಶ ಮಾತ್ರ. ಮೂರರಲ್ಲೂ ಸೋತರೆ ಆ ಕೋರ್ಸಿನಿಂದಲೇ ಹೊರಗೆ. ಅವಳ ಅಣ್ಣ ಎರಡು ಬಾರಿ ಸೋತಿದ್ದ. ಫೆಬ್ರವರಿಯಲ್ಲಿ ಬರಲಿದ್ದದ್ದು ಮೂರನೆಯದು.

ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೇಲಿನಿಂದ ಅಮ್ಮ, "ಏನಂತೆ ಅವನು ಹೇಳೋದು?" ಎಂದು ಕೂಗಿದರು.

"ಮೆಟ್ಟಿಲು ಜಾಸ್ತಿ ಅಂತೆ" ಎಂದಳು ದುಭಾಷಿ.

ಮೂರನೆಯ ದಿನ ಯಜಮಾನರು ಹುಡುಗನನ್ನು ಅಡಿಕೆ ತೋಟಕ್ಕೆ ಕರೆದೊಯ್ದರು. ಆ ಮನೆಗೆ ಕಾಫಿ ಇದ್ದದ್ದು ಒಂದೇ ಎಕರೆ. ಬದುಕು ನಿಂತಿದ್ದು ಅಡಿಕೆಯ ಮೇಲೆ. ಸೋಗೆಗಳ ಮೇಲೆಲ್ಲ ಕಂದು ಚುಕ್ಕಿ, ಒಣಗಿ ಜೋತುಬಿದ್ದ ಗರಿಗಳು. ಹೊರಗಿನವನಿಗೂ ಅದು ಆರೋಗ್ಯವಲ್ಲವೆಂದು ತಿಳಿಯುವಂತಿತ್ತು. "ಏನಾಗಿದೆ?" ಎಂದು ಅವನು ಕೇಳಿಯೇ ಬಿಟ್ಟ.

ಎಲೆಚುಕ್ಕಿ ರೋಗ. ಶಿಲೀಂಧ್ರದಿಂದ ಬರುವುದು, ಮಳೆ ತೇವದಲ್ಲಿ ಗಾಳಿಯೊಡನೆ ಹರಡುವುದು. ಕಳಸ ಭಾಗದ ತೋಟಗಳಿಗೆ 2022ರ ಹೊತ್ತಿಗೆ ಅದು ವಿಪರೀತವಾಗಿ ತಗುಲಿತ್ತು. ಎಲೆ ಒಣಗಿದರೆ ಮರಕ್ಕೆ ಆಹಾರವಿಲ್ಲ, ಗೊನೆ ಸಣ್ಣದಾಗುತ್ತದೆ. ಔಷಧಿ ಹೊಡೆಯಬೇಕೆಂದರೆ ಅಷ್ಟೆತ್ತರ ಹತ್ತುವ ಆಳು ಸಿಗಬೇಕು. ಒಬ್ಬರು ಹೊಡೆದು ಪಕ್ಕದ ತೋಟದವರು ಬಿಟ್ಟರೆ ಪ್ರಯೋಜನವೂ ಕಡಿಮೆ. ಒಂದು ಸಾಲನ್ನು ತೋರಿಸಿ ಯಜಮಾನರು, "ಇವು ಅವನು ಹತ್ತು ವರ್ಷದವನಿದ್ದಾಗ ನೆಟ್ಟ ಗಿಡ" ಎಂದರು. ಫಸಲು ಅರ್ಧಕ್ಕಿಳಿದಿತ್ತು. ಮಗನ ಓದಿಗೆ ಮಾಡಿದ ಸಾಲ ಬ್ಯಾಂಕಿನಲ್ಲಿ ಹಾಗೆಯೇ ಇತ್ತು.

"ಅವನಿಗೆ ಹೇಳಬೇಡ. ಪರೀಕ್ಷೆ ಇದೆ. ತೋಟ ಚೆನ್ನಾಗಿದೆ ಅಂತಲೇ ನಾವು ಹೇಳಿದೀವಿ" ಎಂದರು ಯಜಮಾನರು. ಈ ಮಾತಿಗೆ ದುಭಾಷಿ ಬೇಕಾಗಲಿಲ್ಲ.

ಆ ರಾತ್ರಿ ಜಗಲಿಯಲ್ಲಿ ಹುಡುಗ ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. ಬೆನ್ನಿಗೆ ಹೊರುವ ಅವನ ಚೀಲಕ್ಕೆ ಅಮ್ಮ ಆಗಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಫಿಪುಡಿ ತುಂಬಿಸಿದ್ದರು. ಅವನು ಮಗಳಿಗೆ ಹೇಳಿದ: "ನಿನ್ನಣ್ಣ ಮನೆಗೆ ಹೇಳಬೇಡ ಅಂದ. ನಿನ್ನಪ್ಪ ಅಣ್ಣನಿಗೆ ಹೇಳಬೇಡ ಅಂದರು. ಉಪ್ಪಿನಕಾಯಿ ಹೊರಬಲ್ಲೆ. ಇವೆರಡನ್ನೂ ಹೊರೋದು ನನ್ನಿಂದಾಗದು."

ಅಣ್ಣನ ಲೆಕ್ಕವನ್ನೂ ಅವನೇ ಬಿಡಿಸಿ ಹೇಳಿದ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಮಟ್ಟಿಗೆ ಇಲ್ಲವೆನ್ನುವುದು ನಿಜ. ಆದರೆ ಊಟ, ಬಾಡಿಗೆ, ವಿಮೆ ಪುಕ್ಕಟೆಯಲ್ಲ. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. ಆ 2023ರಲ್ಲಿ ಅದು 11,208 ಯೂರೋ. ತಿಂಗಳಿಗೆ ಇಂತಿಷ್ಟು ಎಂದು ಅದರಿಂದ ತೆಗೆಯಬಹುದು. ಮೊದಲ ವರ್ಷ ಅದರಲ್ಲಿ ಕಳೆಯುತ್ತದೆ, ಎರಡನೆಯ ವರ್ಷಕ್ಕೆ ಮತ್ತೆ ದುಡ್ಡು ಬೇಕು. ಹೊರದೇಶದ ವಿದ್ಯಾರ್ಥಿ ವರ್ಷದಲ್ಲಿ 120 ಪೂರ್ಣ ದಿನ ದುಡಿಯಬಹುದೆಂಬ ನಿಯಮವಿತ್ತು. 2024ರ ಮಾರ್ಚ್‌ನಿಂದ ಅದು 140 ದಿನವಾಗಿದೆ. ಕಾನೂನು ತಪ್ಪದೆ ದುಡಿದೇ ಬದುಕಬಹುದು. ಆದರೆ ರಾತ್ರಿಯಿಡೀ ಪಾರ್ಸೆಲ್ ಎತ್ತಿದವನು ಬೆಳಗ್ಗೆ ತರಗತಿಯಲ್ಲಿ ನಿದ್ದೆ ಮಾಡುತ್ತಾನೆ. ಐದು ಬಂದದ್ದು ಹಾಗೆ.

"ಮನೆಯಿಂದ ದುಡ್ಡು ಕೇಳು ಅಂತ ನಾನೇ ಎಷ್ಟೋ ಸಲ ಹೇಳಿದೆ. ಕೇಳಲ್ಲ ಅಂದ. ಯಾಕೆ ಅಂತ ಹೇಳಲಿಲ್ಲ."

ಮಗಳು ಏನೂ ಹೇಳಲಿಲ್ಲ. ರಾತ್ರಿಯಿಡೀ ಯೋಚಿಸಿದಳು. ಎರಡು ದಿನದಿಂದ ಅವಳು ಎರಡು ಭಾಷೆಗಳ ನಡುವೆ ಮಾತು ದಾಟಿಸುತ್ತಿದ್ದಳು. ಅವುಗಳಲ್ಲಿ ಅತಿ ಮುಖ್ಯವಾದ ಮಾತನ್ನೇ ದಾಟಿಸದೆ ಉಳಿಸಿಕೊಂಡಿದ್ದಳು.

ಹೊರಡುವ ದಿನ ಬೆಳಗ್ಗೆ ಅವಳು ಅಣ್ಣನಿಗೆ ವಿಡಿಯೋ ಕರೆ ಮಾಡಿದಳು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಹಲಸಿನ ಮರದ ಬುಡದಲ್ಲಿ ಮಾತ್ರ. ಎಲ್ಲರೂ ಅಲ್ಲಿ ಸೇರಿದರು. ತನ್ನ ಮನೆಮಂದಿಯ ನಡುವೆ ಗೆಳೆಯನನ್ನು ಕಂಡ ಮಗ ಬಹಳ ನಕ್ಕ. ಆಮೇಲೆ, "ಹಂಗೇ ತೋಟ ತೋರಿಸು, ನೋಡಬೇಕು ಅನ್ನಿಸ್ತಿದೆ" ಎಂದ.

"ಮಂಜು ಮುಸುಕಿದೆ, ಏನೂ ಕಾಣಲ್ಲ" ಎಂದರು ಅಪ್ಪ. ಬಿಸಿಲು ಅವರ ಮುಖದ ಮೇಲೇ ಬೀಳುತ್ತಿತ್ತು.

ಈ ಒಪ್ಪಂದದಲ್ಲಿ ಅಜ್ಜಿಯನ್ನು ಯಾರೂ ಸೇರಿಸಿಕೊಂಡಿರಲಿಲ್ಲ. "ತೋಟದಲ್ಲಿ ನೋಡಲಿಕ್ಕೆ ಎಂತ ಉಂಟು ಮಾರಾಯ? ಸೋಗೆಯೆಲ್ಲ ಸುಟ್ಟುಹೋಗಿದೆ" ಎಂದುಬಿಟ್ಟರು.

ಕಣದಲ್ಲಿ ಯಾರೂ ಉಸಿರೆತ್ತಲಿಲ್ಲ. ಫೋನಿನಲ್ಲಿ ಚಿತ್ರ ನಿಂತುಹೋಯಿತೇನೋ ಎಂಬಂತೆ ಮಗನೂ ಅಲುಗಾಡಲಿಲ್ಲ. ಕೊನೆಗೆ, "ಗೊತ್ತು" ಎಂದ. "ಪೇಪರಿನಲ್ಲಿ ಓದಿದೆ. ಕಳಸದ ತೋಟದ ಫೋಟೋನೇ ಹಾಕಿದ್ದರು. ನಮ್ಮದು ಮಾತ್ರ ಚೆನ್ನಾಗಿದೆ ಅಂತ ನೀವು ಹೇಳಿದಾಗಲೇ ಗೊತ್ತಾಯ್ತು. ಅದಕ್ಕೇ ದುಡ್ಡು ಕೇಳಲಿಲ್ಲ."

"ಅದಕ್ಕೇ ರಾತ್ರಿ ಕೆಲಸಕ್ಕೆ ಹೋಗ್ತೀಯ" ಎಂದರು ಅಮ್ಮ.

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅವರಿಗೆ ಯಾರೂ ಹೇಳಿರಲಿಲ್ಲ. "ರೂಮಿನೊಳಗೆ ಕೋಟು ಹಾಕಿಕೊಂಡು ಅಕ್ಕನ ಮದುವೆ ನೋಡ್ತಾರೇನೋ? ನಿನ್ನ ಹಿಂದೆ ಜನ ಓಡಾಡ್ತಿದ್ದರು. ಕಣ್ಣು ಕೆಂಪಾಗಿತ್ತು. ಅತ್ತಿದೀಯ ಅಂತ ಮೊದಲು ಅಂದುಕೊಂಡೆ. ಆಮೇಲೆ ಅದು ನಿದ್ದೆಗೆಟ್ಟ ಕಣ್ಣು ಅಂತ ತಿಳೀತು. ನೀನಾಗಿ ಹೇಳ್ತೀಯ ಅಂತ ಕಾದೆ."

ಗೆಳೆಯ ಮೂರು ದಿನ ಬಾಯಿ ಬಿಗಿದುಕೊಂಡು ಕಾಪಾಡಿದ ಗುಟ್ಟುಗಳು ಯಾರಿಗೂ ಗುಟ್ಟಾಗಿರಲೇ ಇಲ್ಲ. ಅವರಿಗೆ ತೋಟದ ಸ್ಥಿತಿ ಇವನಿಗೆ ತಿಳಿದಿದೆಯೆಂದು ಗೊತ್ತಿರಲಿಲ್ಲ, ಇವನಿಗೆ ತನ್ನ ದುಡಿಮೆ ಅಮ್ಮನಿಗೆ ತಿಳಿದಿದೆಯೆಂದು ಗೊತ್ತಿರಲಿಲ್ಲ, ಅಷ್ಟೇ. ನಿಜವಾಗಿ ಗುಟ್ಟಾಗಿ ಉಳಿದಿದ್ದದ್ದು ಒಂದೇ. ಅದನ್ನು ತಂಗಿ ಹೇಳಬೇಕಾಗಲಿಲ್ಲ. ಮಗನೇ ಹೇಳಿದ: "ಅಮ್ಮ, ಐದು ಅಂದರೆ ನಪಾಸು. ಎರಡು ಸಲ ಆಯ್ತು. ಮೂರನೇ ಸಲವೂ ಹೋದರೆ ವಾಪಸು ಬರಬೇಕಾಗ್ತದೆ."

ಅಮ್ಮನ ಮುಖ ಬಾಡಿತು. ಅಜ್ಜಿಗೆ ಮಾತ್ರ ತಡೆಯಲಾರದ ನಗು. "ಇವಳು ಕಳಸದ ಪೇಟೆಗೆಲ್ಲ ಡಂಗುರ ಹೊಡೆದಳಲ್ಲ, ಮಗ ನಪಾಸಾದ ಅಂತ!" ಎಂದರು. ಮೊದಲು ಮಗಳು ನಕ್ಕಳು, ಆಮೇಲೆ ಫೋನಿನೊಳಗಿನ ಮಗ, ಕೊನೆಗೆ ಕಣ್ಣೀರಿನ ನಡುವೆ ಅಮ್ಮನೂ ನಕ್ಕರು. ಅರ್ಥವಾಗದಿದ್ದರೂ ಅತಿಥಿಯೂ ನಕ್ಕ.

ಅಪ್ಪ ಫೋನು ಕೈಗೆ ತೆಗೆದುಕೊಂಡರು. "ಪರೀಕ್ಷೆ ಮುಗಿಯೋವರೆಗೆ ರಾತ್ರಿ ಕೆಲಸ ಬಿಡು. ಈ ಸಲ ಮೆಣಸು ಪರವಾಗಿಲ್ಲ, ಎರಡು ತಿಂಗಳಿಗೆ ಆಗುವಷ್ಟು ಕಳಿಸ್ತೀನಿ. ಅದಕ್ಕಿಂತ ಹೆಚ್ಚು ಆಗಲ್ಲ. ಆಗದೇ ಇದ್ದದ್ದು ಆಗಲ್ಲ ಅಂತಲೇ ಹೇಳ್ತೀನಿ. ನೀನೂ ಹಂಗೇ ಹೇಳು" ಎಂದರು. ಮಗ ನೆಟ್ಟ ಸಾಲನ್ನು ಅವರೇ ನಡೆದುಹೋಗಿ ಫೋನಿನಲ್ಲಿ ತೋರಿಸಲು ಹೊರಟರು. ಹತ್ತು ಹೆಜ್ಜೆಗೆ ಸಿಗ್ನಲ್ ಹೋಯಿತು.

ಅತಿಥಿ ಬಸ್ಸು ಹತ್ತುವಾಗ ಅಮ್ಮ ಅವನ ಕೈಹಿಡಿದು ಕನ್ನಡದಲ್ಲೇ ಏನೇನೋ ಹೇಳಿದರು. ಅನುವಾದಿಸಲು ಮಗಳು ಬಾಯಿ ತೆರೆದಾಗ ಅವನು ಬೇಡವೆಂದು ತಲೆಯಾಡಿಸಿದ. ಅದು ಅವನಿಗೆ ತಿಳಿದಿತ್ತು.

ದೂರದೇಶಕ್ಕೆ ಓದಲು ಹೋದ ಮಕ್ಕಳು ಮತ್ತು ಊರಿನಲ್ಲುಳಿದ ಹೆತ್ತವರು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಹೆಚ್ಚಾಗಿ ಒಂದೇ ಮಾತು: ಇಲ್ಲಿ ಎಲ್ಲ ಚೆನ್ನಾಗಿದೆ. ಪ್ರೀತಿಯಿಂದಲೇ ಹಾಗೆನ್ನುತ್ತಾರೆ. ಒಳ್ಳೆಯ ಬೀಜವನ್ನು ಹೊರಗೆ ಕಳಿಸಿ ಒಡಕನ್ನು ಮನೆಯಲ್ಲಿಟ್ಟುಕೊಂಡಂತೆ. ಆದರೆ ಎರಡೂ ಕಡೆಯವರು ಹಾಗೆ ಮಾಡಿದರೆ ಯಾರೂ ಯಾರಿಗೂ ನೆರವಾಗಲಾರರು.

ಮಾರ್ಚ್ ಕೊನೆಯಲ್ಲಿ ಮನೆಯ ಫೋನಿಗೆ ಡ್ರೆಸ್ಡೆನ್‌ನಿಂದ ಒಂದು ಸಂದೇಶ ಬಂತು. ಕಳಿಸಿದವನು ಮಗನಲ್ಲ, ಗೆಳೆಯ. ಅದರಲ್ಲಿ ಒಂದು ಅಂಕಿ ಮಾತ್ರ ಇತ್ತು: 4.0.

"ನಾಲ್ಕು ಅಂದರೆ ಕಟ್ಟಕಡೆಯ ಪಾಸು ಅಮ್ಮ. ಇದಕ್ಕಿಂತ ಕೆಳಗೆ ಪಾಸೇ ಇಲ್ಲ" ಎಂದಳು ಮಗಳು. ಈ ಬಾರಿ ಅವಳು ಏನನ್ನೂ ಬಿಡದೆ ಅನುವಾದಿಸಿದ್ದಳು.

"ಪಾಸು ತಾನೇ?" ಎಂದು ಅಮ್ಮ ಚೀಲ ತೆಗೆದುಕೊಂಡು ಪೇಟೆಗೆ ಹೊರಟರು.